ಕಲೆ, ಕಸುಬಿನಿಂದ ಊರನ್ನು ಗಟ್ಟಿ ಮಾಡಿ, ಎಲ್ಲರಿಗೂ ಪಾಲು ಸಿಗುವಂತೆ ಮಾಡಿದವರು ಮಲೆನಾಡಲ್ಲಿ ಇದ್ದಾರಾ?

ಇದ್ದಾರೆ, ಸಾಗರದ ಹತ್ತಿರದ ಹೆಗ್ಗೋಡಿನಲ್ಲೇ. 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್ ಅನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದು ಗೊತ್ತಿರುವ ಕತೆ.

ನನಗೆ ಜಾಸ್ತಿ ಹಿಡಿಸುವುದು ಅಲ್ಲೇ ಪಕ್ಕದ ಭೀಮನಕೋಣೆಯ ಚರಕ. ರಂಗಕರ್ಮಿ ಪ್ರಸನ್ನ ಹಳ್ಳಿ ಹೆಂಗಸರ ಜೊತೆ ಕಟ್ಟಿದ ಕೈಮಗ್ಗದ ಸಹಕಾರ ಸಂಘ. ಅಡಿಕೆ ಬೇಯಿಸಿ ಉಳಿದ ಚೊಗರು ಅಲ್ಲಿ ನೂಲಿಗೆ ಬಣ್ಣ ಆಗುತ್ತದೆ. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ತಲಾ ಒಂದೇ ಮತ. ಕೂಲಿಗೆ ಹೋಗುವವರ ಮಾತಿಗೂ ತೂಕ ಬರುವುದು ಹೀಗೆ.

ನಿಮ್ಮೂರಲ್ಲಿ ಶುರು ಮಾಡುವುದಾದರೆ ಸಭೆಯನ್ನು ಸಂಜೆ ಇಡಿ. ಅಡಿಕೆ ಸುಗ್ಗಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಬರುವವರು ತೋಟದ ಯಜಮಾನರು ಮಾತ್ರ, ಅಲ್ವಾ?