ಕೆಮ್ಮಿಲ್ಲದ ದಿನವೂ ಕಫ ತೆಗೆಸಬೇಕೆ?

ಓದುಗರ ಪ್ರಶ್ನೆ: ಆರೋಗ್ಯ ವಿಭಾಗ

(ಹುಟ್ಟಿನಿಂದಲೇ ಬಂದು ಶ್ವಾಸನಾಳದ ಕಫವನ್ನು ಅಂಟಾಗಿಸುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಇರುವವರಿಗೆ ಮನೆಯಲ್ಲಿ ಪ್ರತಿದಿನ ಮಾಡಬೇಕಾದ ಶ್ವಾಸನಾಳ ಶುದ್ಧಿಯ ಕುರಿತು ಕೊಡಗು ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಉಸಿರಾಟದ ತೊಂದರೆಗಳ ಫಿಸಿಯೋಥೆರಪಿಸ್ಟ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಚಿಕ್ಕಂದಿನಿಂದ ಪದೇಪದೇ ನ್ಯುಮೋನಿಯಾ ಆಗುತ್ತಿತ್ತು, ಎಷ್ಟು ಉಂಡರೂ ಮೈ ಹತ್ತುತ್ತಿರಲಿಲ್ಲ. ಕಳೆದ ವರ್ಷ ಬೆವರಿನ ಪರೀಕ್ಷೆ ಮಾಡಿಸಿದ ಮೇಲೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ತಿಳಿಯಿತು. ಬೆಳಿಗ್ಗೆ ಮತ್ತು ಸಂಜೆ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ಯಂತ್ರ) ಕೊಟ್ಟು, ಬೆನ್ನು ತಟ್ಟಿ ಕಫ ತೆಗೆಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಾರೆ. ಈಗ ಕೆಲವು ವಾರಗಳಿಂದ ಅವಳಿಗೆ ಕೆಮ್ಮೇ ಇಲ್ಲ. ತಟ್ಟಿದರೂ ಕಫ ಬರುವುದಿಲ್ಲ. ‘ಗೆಲುವಾಗಿರುವ ಮಗುವನ್ನು ದಿನಾ ಯಾಕೆ ಬಡಿಯುತ್ತೀಯ’ ಎಂದು ಅತ್ತೆ ನೊಂದುಕೊಳ್ಳುತ್ತಾರೆ. ಕೆಮ್ಮಿಲ್ಲದಾಗ ಬಿಡಬಹುದೆ? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಏನು ಮಾಡಬೇಕು?
– ಒಬ್ಬ ತಾಯಿ, ನಾಪೋಕ್ಲು ಸಮೀಪ

ಉತ್ತರ: ಬಿಡಬೇಡಿ. ನಿಮ್ಮ ಮಗಳು ಗೆಲುವಾಗಿರುವುದಕ್ಕೆ ನೀವು ದಿನಕ್ಕೆರಡು ಬಾರಿ ಮಾಡುತ್ತಿರುವ ಈ ಕೆಲಸವೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಈ ಕಾಯಿಲೆಯಲ್ಲಿ ಏನಾಗುತ್ತದೆ ಎಂಬುದು ನಿಮ್ಮ ಅತ್ತೆಯವರಿಗೂ ಗೊತ್ತಾಗಬೇಕು. ಶ್ವಾಸನಾಳದ ಒಳಗೋಡೆಯ ಜೀವಕೋಶಗಳಲ್ಲಿ ಉಪ್ಪಿನಂಶವನ್ನು ಹೊರಗೆ ಬಿಡುವ ಒಂದು ಸಣ್ಣ ದಾರಿ ಇರುತ್ತದೆ. ಅದನ್ನು ರೂಪಿಸುವ ಜೀನ್ ಏಳನೆಯ ಕ್ರೋಮೋಸೋಮಿನಲ್ಲಿದೆ; ಆ ಜೀನ್ ಯಾವುದು ಎಂಬುದು 1989ರಲ್ಲಿ ಖಚಿತವಾಯಿತು. ತಂದೆಯಿಂದಲೂ ತಾಯಿಯಿಂದಲೂ ದೋಷವಿರುವ ಪ್ರತಿಯೇ ಮಗುವಿಗೆ ಬಂದರೆ ಆ ದಾರಿ ಕೆಲಸ ಮಾಡುವುದಿಲ್ಲ. ಉಪ್ಪಿನ ಜೊತೆಗೆ ಬರಬೇಕಾದ ನೀರಿನಂಶವೂ ಬರುವುದಿಲ್ಲ. ನಾಳದ ಒಳಮೈಯಲ್ಲಿ ಸದಾ ಇರಬೇಕಾದ ತೆಳುವಾದ ನೀರಿನ ಪದರ ಹೀಗೆ ಒಣಗಿದಾಗ, ಧೂಳನ್ನೂ ರೋಗಾಣುಗಳನ್ನೂ ಮೇಲಕ್ಕೆ ತಳ್ಳುವ ಕೂದಲಿನಂಥ ರೋಮಗಳು ಅಂಟಾದ ಕಫದಲ್ಲಿ ಸಿಕ್ಕಿಬೀಳುತ್ತವೆ. ಬೇರೆ ಮಕ್ಕಳಲ್ಲಿ ಹಗಲಿರುಳು ತಾನಾಗಿ ನಡೆಯುವ ಆ ಕೆಲಸವನ್ನು ನಿಮ್ಮ ಮಗಳ ವಿಷಯದಲ್ಲಿ ನಾವು ಹೊರಗಿನಿಂದ ಮಾಡಿಕೊಡಬೇಕಾಗಿದೆ. ಕಫ ಮೊದಲು ನಿಲ್ಲುವುದು ಅತಿ ಸಣ್ಣ ನಾಳಗಳಲ್ಲಿ. ಅಲ್ಲಿ ನಿಂತ ಕಫ ಕೆಮ್ಮು ಹುಟ್ಟಿಸುವುದಿಲ್ಲ, ಗೊರಗೊರ ಸದ್ದನ್ನೂ ಮಾಡುವುದಿಲ್ಲ. ಆದರೆ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರುತ್ತವೆ. ಆದ್ದರಿಂದ ಕೆಮ್ಮಿಲ್ಲ ಎಂದ ಮಾತ್ರಕ್ಕೆ ಶ್ವಾಸಕೋಶ ಶುದ್ಧವಾಗಿದೆ ಎನ್ನಲಾಗದು. ಕಫ ಕಣ್ಣಿಗೆ ಕಾಣಲಿಲ್ಲ ಎಂದು ನಿರಾಶರಾಗುವುದೂ ಬೇಡ. ಈ ವಯಸ್ಸಿನ ಹೆಚ್ಚಿನ ಮಕ್ಕಳು ಮೇಲಕ್ಕೆ ಬಂದ ಕಫವನ್ನು ನುಂಗಿಬಿಡುತ್ತಾರೆ, ಅದರಿಂದ ತೊಂದರೆಯಿಲ್ಲ.

ಇನ್ನು ‘ಬಡಿಯುವ’ ಮಾತು. ಬೆರಳುಗಳನ್ನು ಒಂದಕ್ಕೊಂದು ಕೂಡಿಸಿ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ, ನೀರು ಮೊಗೆಯಲು ಹಿಡಿಯುವಂತೆ ಅಂಗೈಯನ್ನು ಬಟ್ಟಲಾಗಿಸಿ, ಮಣಿಕಟ್ಟನ್ನು ಸಡಿಲ ಬಿಟ್ಟು, ತೆಳುವಾದ ಹತ್ತಿಬಟ್ಟೆಯ ಮೇಲೆ ಒಂದೇ ಲಯದಲ್ಲಿ ತಟ್ಟಬೇಕು. ಸರಿಯಾಗಿ ತಟ್ಟಿದರೆ ‘ಟೊಪ್ ಟೊಪ್’ ಎಂಬ ಪೊಳ್ಳು ಸದ್ದು ಬರುತ್ತದೆ. ‘ಚಟ್’ ಎಂದು ಕೇಳಿದರೆ ಅಂಗೈ ಚಪ್ಪಟೆಯಾಗಿದೆ ಎಂದರ್ಥ, ನೋವಾಗುವುದೂ ಆಗಲೇ. ಚರ್ಮ ಕೆಂಪಾಗಬಾರದು. ಬೆನ್ನುಮೂಳೆ, ಎದೆಯ ನಡುವಿನ ಮೂಳೆ, ಹೊಟ್ಟೆ ಮತ್ತು ಪಕ್ಕೆಲುಬುಗಳ ಕೆಳಗಿನ ಸೊಂಟದ ಭಾಗಗಳ ಮೇಲೆ ತಟ್ಟಬಾರದು. ಒಮ್ಮೆ ನಿಮ್ಮ ಅತ್ತೆಯವರ ಬೆನ್ನಿನ ಮೇಲೆಯೇ ಹೀಗೆ ತಟ್ಟಿ ತೋರಿಸಿ. ಅವರ ಸಂಕಟ ಕಡಿಮೆಯಾಗುವುದಷ್ಟೇ ಅಲ್ಲ, ಅವರೂ ಕಲಿತರೆ ನಿಮಗೆ ಜ್ವರ ಬಂದ ದಿನ, ತೋಟದಲ್ಲಿ ಕಾಫಿ ಕೊಯ್ಲಿನ ಕೆಲಸ ಹೆಚ್ಚಿದ ದಿನ ಮಗುವಿನ ಚಿಕಿತ್ಸೆ ನಿಲ್ಲುವುದಿಲ್ಲ. ಈ ಹೊಣೆ ತಾಯಿಯೊಬ್ಬಳ ಮೇಲೆ ಬಿದ್ದ ಮನೆಗಳಲ್ಲಿ ಕೆಲವು ತಿಂಗಳಲ್ಲೇ ಚಿಕಿತ್ಸೆ ಸೊರಗುವುದನ್ನು ನಾನು ಕಂಡಿದ್ದೇನೆ. ಮಗುವಿನ ತಂದೆಯೂ ಕಲಿಯಲಿ.

ಏಳು ವರ್ಷದ ಮಗು ತಾನೇ ಮಾಡಬಹುದಾದದ್ದೂ ಬಹಳವಿದೆ, ಈಗಲೇ ಕಲಿಸಿ. ಭುಜ ಸಡಿಲಿಸಿ ಕೂತು ಸ್ವಲ್ಪ ಹೊತ್ತು ಮೆಲ್ಲಗೆ ಉಸಿರಾಡುವುದು; ಬಳಿಕ ಮೂರು-ನಾಲ್ಕು ಬಾರಿ ಆಳವಾಗಿ ಉಸಿರೆಳೆದು, ಪ್ರತಿ ಸಲ ಎರಡು-ಮೂರು ಸೆಕೆಂಡು ಹಿಡಿದು ಬಿಡುವುದು; ಮತ್ತೆ ಮೆಲುಉಸಿರು; ಆಮೇಲೆ ‘ಹಫ್’, ಅಂದರೆ ಬಾಯಿ ಅಗಲವಾಗಿ ತೆರೆದು, ಗಂಟಲು ಬಿಗಿಯದೆ, ‘ಹಾ’ ಎಂದು ಉಸಿರನ್ನು ರಭಸದಿಂದ ಹೊರದೂಡುವುದು. ಕನ್ನಡಿಯ ಮೇಲೆ ಹಬೆ ಮೂಡಿಸು ಎಂದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಸಾಧಾರಣ ಉಸಿರೆಳೆದು ಉದ್ದಕ್ಕೆ ಹಫ್ ಮಾಡಿದರೆ ಆಳದ ಕಫ ಕದಲುತ್ತದೆ. ಪೂರ್ತಿ ಉಸಿರೆಳೆದು ಗಿಡ್ಡದಾಗಿ ಮಾಡಿದರೆ ಮೇಲೆ ಬಂದಿರುವುದು ಹೊರಬೀಳುತ್ತದೆ. ಉಸಿರು ಹಿಡಿಯುವ ಆ ಎರಡು ಸೆಕೆಂಡನ್ನು ಮಾತ್ರ ಅವಸರದಲ್ಲಿ ಕೈಬಿಡಬೇಡಿ. ಕಫದಿಂದ ಮುಚ್ಚಿದ ನಾಳದ ಹಿಂಭಾಗಕ್ಕೆ ಗಾಳಿ ಅಕ್ಕಪಕ್ಕದ ಕಿರುದಾರಿಗಳಿಂದ ನುಸುಳುವುದು ಆ ಹೊತ್ತಿನಲ್ಲಿ. ಹಿಂದೆ ಗಾಳಿಯಿದ್ದರೆ ಮಾತ್ರ ಕಫ ಮುಂದಕ್ಕೆ ಬರುತ್ತದೆ. ಈ ಸುತ್ತನ್ನು ಹಲವು ಬಾರಿ ಮಾಡಿದರೆ ಒಟ್ಟು ಇಪ್ಪತ್ತರಿಂದ ಮೂವತ್ತು ನಿಮಿಷವಾಗುತ್ತದೆ. ಬೆಳಗಿನ ತಿಂಡಿಗೆ ಮೊದಲು ಮತ್ತು ರಾತ್ರಿಯೂಟಕ್ಕೆ ಮೊದಲು ಒಳ್ಳೆಯ ಹೊತ್ತು. ಊಟವಾಗಿದ್ದರೆ ಒಂದೂವರೆ-ಎರಡು ಗಂಟೆ ಕಾಯಬೇಕು.

ಕರೆಂಟ್ ಹೋದರೆ ನಿಲ್ಲುವುದು ಯಂತ್ರ ಮಾತ್ರ. ತಟ್ಟುವುದಕ್ಕೂ ಹಫ್ ಮಾಡುವುದಕ್ಕೂ ವಿದ್ಯುತ್ ಬೇಡವಾದ್ದರಿಂದ ಆ ದಿನಗಳಲ್ಲಿ ಅವನ್ನೇ ಇನ್ನೂ ಶ್ರದ್ಧೆಯಿಂದ ಮಾಡಿ. ಗುಳ್ಳೆ ಊದುವ ಬಾಟಲಿಯನ್ನೂ ಮನೆಯಲ್ಲಿ ಇಟ್ಟುಕೊಳ್ಳಬಹುದು: ಬಾಟಲಿಯಲ್ಲಿ ಸುಮಾರು 10 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿ, ಅದರೊಳಗೆ ಕೊಳವೆ ಇಳಿಬಿಟ್ಟು ಉದ್ದನೆಯ ಉಸಿರಿನಲ್ಲಿ ಗುಳ್ಳೆ ಏಳಿಸುವುದು. ನೀರಿನ ಒತ್ತಡ ನಾಳಗಳನ್ನು ತೆರೆದಿಡುತ್ತದೆ. ಎಂಟು-ಹತ್ತು ಬಾರಿ ಊದಿದ ಮೇಲೆ ಎರಡು ಹಫ್. ಕೊಳವೆಯ ಅಳತೆಯನ್ನು ನಿಮ್ಮ ಫಿಸಿಯೋಥೆರಪಿಸ್ಟ್ ಹೇಳಲಿ. ಆ ನೀರನ್ನು ಮಗು ಹೀರದಂತೆ ನೋಡಿಕೊಳ್ಳಿ, ಪ್ರತಿ ಸಲ ನೀರು ಚೆಲ್ಲಿ, ತೊಳೆದು ಒಣಗಿಸಿ. ಬ್ಯಾಟರಿಯ ನೆಬ್ಯುಲೈಸರ್ ಅಥವಾ ಇನ್ವರ್ಟರ್ ಹೊಂದಿಸಲು ಸಾಧ್ಯವಿದ್ದರೆ ಜೂನ್‌ಗೆ ಮೊದಲೇ ಹೊಂದಿಸಿಕೊಳ್ಳಿ. ವೈದ್ಯರು ಕಫ ತೆಳುವಾಗಿಸುವ ಡಾರ್ನೇಸ್ ಆಲ್ಫಾ ಬರೆದುಕೊಟ್ಟಿದ್ದರೆ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕಾದ ಔಷಧಿ. ಫ್ರಿಜ್ ದಿನಗಟ್ಟಲೆ ನಿಂತಿದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ. ನೆಬ್ಯುಲೈಸರಿನಲ್ಲಿ ಕೊಡುವ ಗಟ್ಟಿ ಉಪ್ಪುನೀರಿನ ದ್ರಾವಣಕ್ಕೆ ಆ ಚಿಂತೆಯಿಲ್ಲ. ಆದರೆ ಅದಕ್ಕೆ ಮೊದಲು ನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಡಬೇಕೆಂದಿದ್ದರೆ ಅದನ್ನು ತಪ್ಪಿಸಬಾರದು, ಏಕೆಂದರೆ ಉಪ್ಪುನೀರು ಕೆಲವರಲ್ಲಿ ನಾಳಗಳನ್ನು ಬಿಗಿಸುತ್ತದೆ. ಉಸಿರಿನಲ್ಲಿ ಎಳೆಯುವ ಆಂಟಿಬಯೋಟಿಕ್ ಇದ್ದರೆ ಅದು ಕಫ ತೆಗೆದ ಮೇಲೆ.

ಪ್ರಶ್ನೆ: ನಮ್ಮ ಮಗನಿಗೆ ಐದು ತಿಂಗಳು, ಇದೇ ಕಾಯಿಲೆ. ಮಗುವಿನ ತಲೆ ಕೆಳಗೆ ಬರುವಂತೆ ಮಡಿಲಲ್ಲಿ ಮಲಗಿಸಿ ತಟ್ಟಬೇಕೆಂದು ಪರಿಚಯದವರೊಬ್ಬರು ತೋರಿಸಿದರು. ಹಾಗೆ ಮಾಡಿದಾಗಲೆಲ್ಲ ಹಾಲು ಕಕ್ಕುತ್ತಾನೆ. ಮಳೆಗಾಲದಲ್ಲಿ ನಮ್ಮ ಹಳೆಯ ಮನೆಯ ಗೋಡೆಗಳಿಗೆ ಬೂಷ್ಟು ಹಿಡಿಯುವುದೂ ಚಿಂತೆಯಾಗಿದೆ.
– ಒಬ್ಬ ತಂದೆ, ಸೋಮವಾರಪೇಟೆ

ಉತ್ತರ: ತಲೆ ಕೆಳಗೆ ಮಾಡುವುದನ್ನು ಇಂದೇ ನಿಲ್ಲಿಸಿ. ಹಿಂದೆ ಎಲ್ಲೆಡೆ ಹಾಗೆಯೇ ಕಲಿಸುತ್ತಿದ್ದರು, ನಿಮಗೆ ಹೇಳಿದವರ ಮನಸ್ಸಿನಲ್ಲಿ ಇದ್ದದ್ದೂ ಒಳ್ಳೆಯದೇ. ಆದರೆ 1990ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶಿಶುಗಳ ಮೇಲೆ ನಡೆದ ಅಧ್ಯಯನಗಳು, ಈ ಭಂಗಿಯಲ್ಲಿ ಹೊಟ್ಟೆಯಲ್ಲಿರುವುದು ಅನ್ನನಾಳಕ್ಕೆ ಮರಳಿ ಬರುವುದು ಹೆಚ್ಚುತ್ತದೆ ಎಂದು ತೋರಿಸಿದವು. ಹಾಗೆ ಬಂದದ್ದು ಶ್ವಾಸನಾಳಕ್ಕೆ ಇಳಿದರೆ, ಯಾವ ಶ್ವಾಸಕೋಶವನ್ನು ಕಾಪಾಡಲು ಹೊರಟಿದ್ದೇವೋ ಅದಕ್ಕೇ ಹಾನಿ. ಎಡಮಗ್ಗುಲು, ಬಲಮಗ್ಗುಲು, ಮಡಿಲಲ್ಲಿ ಸಮತಟ್ಟಾಗಿ ಬೋರಲು, ನಿಮ್ಮ ಎದೆಗೊರಗಿ ನೆಟ್ಟಗೆ ಕೂತಂತೆ, ಹೀಗೆ ಭಂಗಿಗಳನ್ನು ಬದಲಿಸುತ್ತಾ ಮೂರು ಬೆರಳು ಕೂಡಿಸಿ ಪ್ರತಿ ಭಂಗಿಯಲ್ಲಿ ಕೆಲವು ನಿಮಿಷ ತಟ್ಟಿದರೆ ಸಾಕು. ಹಾಲು ಕೊಡುವ ಮೊದಲು ಮಾಡಿ. ಬೋರಲು ಭಂಗಿ ನಿಮ್ಮ ಕಣ್ಣೆದುರಿನ ಚಿಕಿತ್ಸೆಗೆ ಮಾತ್ರ, ಮಗುವನ್ನು ಹಾಗೆ ನಿದ್ದೆಗೆ ಮಲಗಿಸಬಾರದು.

ಬೂಷ್ಟಿನ ಬಗ್ಗೆ ನಿಮ್ಮ ಚಿಂತೆ ಸರಿಯಾದದ್ದೇ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳು ಈ ಕಾಯಿಲೆಯಿರುವ ಕೆಲವರ ಶ್ವಾಸನಾಳದಲ್ಲಿ ಅಲರ್ಜಿಯ ತೀವ್ರ ತೊಂದರೆ ಹುಟ್ಟಿಸುತ್ತವೆ. ಮನೆಯಲ್ಲಿ ಅತ್ಯಂತ ಒಣಗಿದ, ಗಾಳಿಯಾಡುವ ಕೋಣೆಯನ್ನೇ ಮಗುವಿಗೆ ಕೊಡಿ; ಒದ್ದೆಬಟ್ಟೆಗಳನ್ನು ಆ ಕೋಣೆಯಲ್ಲಿ ಹರಡಬೇಡಿ; ಗೋಡೆ ಒರೆಸುವಾಗ ಮಗು ಅಲ್ಲಿರಬಾರದು. ಕೊಳೆತ ಕಾಫಿ ಸಿಪ್ಪೆ ಕೆದಕುವ ಕಡೆ, ಗೊಬ್ಬರದ ಗುಂಡಿ, ಒಣಹುಲ್ಲಿನ ಅಟ್ಟ ಇವುಗಳ ಹತ್ತಿರ ಮಗುವನ್ನು ಒಯ್ಯಬೇಡಿ. ಬಟ್ಟೆ ಒಣಗಿಸಲೆಂದು ಒಳಗೆ ಸೌದೆ ಉರಿಸುವ ರೂಢಿ ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿದೆ. ಆ ಹೊಗೆ ಮಗು ಮಲಗುವಲ್ಲಿಗೆ ಬರಬಾರದು. ಬೀಡಿ, ಸಿಗರೇಟು ಮನೆಯೊಳಗೆ ಬೇಡವೇ ಬೇಡ.

ಪ್ರಶ್ನೆ: ನನಗೆ 19 ವರ್ಷ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ದಿನವೂ ಹಾಕಿ ಆಡುತ್ತೇನೆ, ಚೆನ್ನಾಗಿ ಓಡುತ್ತೇನೆ. ಇದೇ ವ್ಯಾಯಾಮ ಸಾಲದೆ? ಕೋಣೆಯವರ ಎದುರು ಕೆಮ್ಮಿ ಕಫ ತೆಗೆಯಲು ಸಂಕೋಚವಾಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಕಂಪನದ ಜಾಕೆಟ್ ಕೊಂಡರೆ ಉತ್ತಮವೆ?
– ಒಬ್ಬ ವಿದ್ಯಾರ್ಥಿ, ಗೋಣಿಕೊಪ್ಪಲು

ಉತ್ತರ: ಹಾಕಿ ಬಿಡಬೇಡಿ. ಓಟದಿಂದ ಉಸಿರು ಆಳವಾಗುತ್ತದೆ, ಮೈ ಕುಲುಕಿ ಕಫ ಕದಲುತ್ತದೆ, ಶ್ವಾಸಕೋಶದ ಬಲ ಉಳಿಯುತ್ತದೆ. ಆದರೆ ಕದಲಿದ ಕಫವನ್ನು ಹೊರಗೆ ತರುವುದು ಹಫ್ ಮತ್ತು ಕೆಮ್ಮು. ಅದಿಲ್ಲದೆ ಆಟವೊಂದೇ ಸಾಲದು. ಆಟ ಮುಗಿದೊಡನೆ ಹತ್ತು ನಿಮಿಷ ಪಕ್ಕಕ್ಕೆ ಕೂತು ಮೇಲೆ ಹೇಳಿದ ಉಸಿರಿನ ಸುತ್ತುಗಳನ್ನು ಮಾಡಿ, ಬೆಳಗಿನ ಪೂರ್ಣ ಚಿಕಿತ್ಸೆಯನ್ನು ಬೇರೆಯಾಗಿಯೇ ಉಳಿಸಿಕೊಳ್ಳಿ. ನಿಮ್ಮ ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ. ರೋಗ ಪತ್ತೆಯ ಪರೀಕ್ಷೆಯಲ್ಲಿ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚು ಕ್ಲೋರೈಡ್ ಕಂಡದ್ದೂ ಅದೇ ಬೆವರಿನಲ್ಲಿ. ಆದ್ದರಿಂದ ಬೇಸಿಗೆಯ ಆಟಕ್ಕೆ ಬರಿ ನೀರು ಸಾಲದು, ಎಷ್ಟು ಉಪ್ಪು ಸೇರಿಸಬೇಕೆಂದು ವೈದ್ಯರನ್ನು ಕೇಳಿ.

ಜಾಕೆಟ್‌ಗೆ ಲಕ್ಷಾಂತರ ರೂಪಾಯಿ ಬೇಕು. ಉಸಿರು ಹೊರಬಿಡುವಾಗ ಹಿತವಾದ ತಡೆಯೊಡ್ಡುವ ಪೆಪ್ ಮಾಸ್ಕ್ ಮತ್ತು ಈ ಜಾಕೆಟ್ ಎರಡನ್ನೂ ಒಂದು ವರ್ಷ ಹೋಲಿಸಿ ನೋಡಿದ ಕೆನಡಾದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸೋಂಕು ಉಲ್ಬಣಿಸಿದ್ದು ಜಾಕೆಟ್ ಬಳಸಿದವರಲ್ಲೇ ಹೆಚ್ಚು. ಜಾಕೆಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅದಕ್ಕಾಗಿ ತೋಟ ಅಡವಿಡಬೇಕಾಗಿಲ್ಲ ಎನ್ನುತ್ತೇನೆ. ಜೇಬಿನಲ್ಲಿ ಹಿಡಿಸುವ ಫ್ಲಟರ್ ಅಥವಾ ಅಕಾಪೆಲಾ ಮಾದರಿಯ ಸಾಧನಗಳು ತಡೆಯ ಜೊತೆಗೆ ಕಂಪನವನ್ನೂ ಕೊಡುತ್ತವೆ. ಹಾಸ್ಟೆಲಿಗೆ ಅವೇ ಅನುಕೂಲ. ಇರುವ ವಿಧಾನಗಳಲ್ಲಿ ಇದೊಂದೇ ಎಲ್ಲರಿಗೂ ಮೇಲು ಎಂದು ಸಾಬೀತಾಗಿಲ್ಲವಾದ್ದರಿಂದ, ನೀವು ಪ್ರತಿದಿನ ಬಿಡದೆ ಮಾಡಬಲ್ಲ ವಿಧಾನವನ್ನೇ ಆರಿಸಿಕೊಳ್ಳಿ.

ಸಂಕೋಚದ ವಿಷಯ ನನಗೆ ಅರ್ಥವಾಗುತ್ತದೆ. ಹಫ್ ಸರಿಯಾಗಿ ಕಲಿತರೆ ದೊಡ್ಡ ಕೆಮ್ಮಿನ ಅಗತ್ಯವೇ ಬಹಳಷ್ಟು ತಗ್ಗುತ್ತದೆ. ಕೋಣೆಯ ಒಬ್ಬ ಗೆಳೆಯನಿಗಾದರೂ ಇದು ಹುಟ್ಟಿನಿಂದ ಬಂದ ಕಾಯಿಲೆ, ಕ್ಷಯವಲ್ಲ, ನಿನಗೆ ಹರಡುವುದಿಲ್ಲ ಎಂದು ಹೇಳಿಬಿಡಿ. ಕಫದಲ್ಲಿ ರಕ್ತದ ಎಳೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಒಂದು ಟೀ ಚಮಚದಷ್ಟು ಅಥವಾ ಅದಕ್ಕಿಂತ ಹೆಚ್ಚು ರಕ್ತ ಬಂದರೆ, ಇಲ್ಲವೆ ಎದೆಯಲ್ಲಿ ಹಠಾತ್ತನೆ ಚುಚ್ಚಿ ಉಸಿರು ಕಟ್ಟಿದರೆ, ಸಾಧನವನ್ನೂ ತಟ್ಟುವುದನ್ನೂ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಆಸ್ಪತ್ರೆಯಲ್ಲಿ ನಮ್ಮ ಮಗನ ಹಾಗೆಯೇ ಸಿಸ್ಟಿಕ್ ಫೈಬ್ರೋಸಿಸ್ ಇರುವ ಹುಡುಗನ ಮನೆಯವರ ಪರಿಚಯವಾಯಿತು. ಈ ಸಲ ಪುತ್ತರಿ ಹಬ್ಬಕ್ಕೆ ಅವರನ್ನು ಕರೆಯಬೇಕೆಂದಿದ್ದೇವೆ. ಎರಡು ದಿನಕ್ಕೆ ಮಕ್ಕಳಿಬ್ಬರೂ ಒಂದೇ ನೆಬ್ಯುಲೈಸರ್ ಬಳಸಬಹುದೆ?
– ದಂಪತಿ, ವಿರಾಜಪೇಟೆ

ಉತ್ತರ: ನೆಬ್ಯುಲೈಸರ್ ಹಂಚಿಕೊಳ್ಳುವುದಿರಲಿ, ಆ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಉಳಿಯಲೂಬಾರದು. ನಿಮಗೆ ನೋವಾಗುತ್ತದೆಂದು ಗೊತ್ತಿದ್ದೂ ಹೇಳಬೇಕಾಗಿದೆ. ಈ ಕಾಯಿಲೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಆದರೆ ಈ ಕಾಯಿಲೆಯವರ ಕಫದಲ್ಲಿರುವ ಸೂಡೊಮೊನಾಸ್, ಬರ್ಕೊಲ್ಡೇರಿಯಾ ಮುಂತಾದ ಬ್ಯಾಕ್ಟೀರಿಯಾಗಳು ಇದೇ ಕಾಯಿಲೆಯಿರುವ ಇನ್ನೊಬ್ಬರಿಗೆ ದಾಟಿದರೆ ಅಪಾಯ. ಆರೋಗ್ಯವಂತರಾದ ನಿಮಗೆ ಅವು ಏನೂ ಮಾಡುವುದಿಲ್ಲ. ಒಬ್ಬರಿಂದೊಬ್ಬರು ಕನಿಷ್ಠ 2 ಮೀಟರ್ ದೂರವಿರಬೇಕು, ಒಳಾಂಗಣದಲ್ಲಿ ಒಟ್ಟಿಗೆ ಇರಬಾರದು ಎಂಬುದು ಈಗ ಎಲ್ಲ ಕಡೆ ಪಾಲಿಸುವ ನಿಯಮ. ಕಳೆದ ಬಾರಿಯ ಕಫ ಪರೀಕ್ಷೆಯಲ್ಲಿ ಏನೂ ಬಂದಿಲ್ಲ ಎಂಬುದು ಇದಕ್ಕೆ ವಿನಾಯಿತಿಯಲ್ಲ.

ನಿಮ್ಮ ಮಗನ ನೆಬ್ಯುಲೈಸರನ್ನು ಪ್ರತಿ ಬಳಕೆಯ ನಂತರ ಬಿಡಿಸಿ, ಸೋಪುನೀರಿನಲ್ಲಿ ತೊಳೆದು, ತಯಾರಕರು ಕುದಿಸಬಹುದೆಂದು ಹೇಳಿದ್ದರೆ ಔಷಧಿ ಹಾಕುವ ಬಟ್ಟಲು ಮತ್ತು ಬಾಯಿಕೊಳವೆಯನ್ನು ಐದು ನಿಮಿಷ ಕುದಿಸಿ, ಶುಭ್ರ ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಕುದಿಸಿದ ಮೇಲೆ ಬಾವಿಯ ಅಥವಾ ನಲ್ಲಿಯ ನೀರಿನಲ್ಲಿ ಮತ್ತೆ ಅಲುಬಿದರೆ ಕುದಿಸಿದ್ದು ವ್ಯರ್ಥ. ಮಳೆಗಾಲದಲ್ಲಿ ಇಲ್ಲಿ ಏನೂ ಬೇಗ ಒಣಗದ ಕಾರಣ ಎರಡು ಸೆಟ್ ಇಟ್ಟುಕೊಂಡು ಒಂದಾದ ಮೇಲೊಂದು ಬಳಸುವುದು ಒಳ್ಳೆಯದು.

ಪುತ್ತರಿಗೆ ಆ ಮನೆಯ ದೊಡ್ಡವರನ್ನು ಖಂಡಿತ ಕರೆಯಿರಿ. ಅವರ ಹುಡುಗ ಆ ಎರಡು ದಿನ ತನ್ನ ಅಜ್ಜಿಯ ಜೊತೆ ತಮ್ಮ ಮನೆಯಲ್ಲೇ ಇರಲಿ. ಮಕ್ಕಳು ಫೋನಿನಲ್ಲಿ ಮುಖ ನೋಡಿಕೊಂಡು ಮಾತನಾಡಬಹುದು, ಸಂಜೆಯ ಚಿಕಿತ್ಸೆಯನ್ನು ಹಾಗೆಯೇ ಜೊತೆಯಾಗಿ ಮಾಡಲೂಬಹುದು.