ತಡಿಯಂಡಮೋಳ್ ಹತ್ತಿದವರು ಕೌವಾಯಿಯ ಕರಾವಳಿ ದಾರಿ ನಡೆಯಬಹುದೇ?

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ ಇಬ್ಬರೂ ಕೊಡಗಿನ ತಡಿಯಂಡಮೋಳ್, ಬ್ರಹ್ಮಗಿರಿ ಬೆಟ್ಟ ನಡೆದಿದ್ದೀರಿ. ಜನವರಿಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಹವಾಯಿಯ ಕೌವಾಯಿ ದ್ವೀಪದಲ್ಲಿ, ನಾ ಪಾಲಿ ಕರಾವಳಿಯ ಕಲಲಾವ್ ದಾರಿಯಲ್ಲಿ ಒಂದು ದಿನ ನಡೆಯಬೇಕೆಂದಿದ್ದೀರಿ. ಆಗುತ್ತದೆಯೇ, ತಯಾರಿ ಏನು?

ಆಗುತ್ತದೆ. 1,748 ಮೀಟರಿನ ತಡಿಯಂಡಮೋಳಿನ ಕೊನೆಯ ಏರು ಹತ್ತಿದ ಕಾಲಿಗೆ ಅಲ್ಲಿಯ ಏರು ದೊಡ್ಡದಲ್ಲ. ಆದರೆ ಅಲ್ಲಿಯ ಹೊಳೆಯನ್ನೂ ಕಡಲನ್ನೂ ಕೊಡಗಿನ ಅಂದಾಜಿನಲ್ಲಿ ಅಳೆಯಬೇಡಿ. ನಮ್ಮ ಕಡೆಯವರು ಲೆಕ್ಕ ತಪ್ಪುವುದು ಅಲ್ಲೇ.

ಮೊದಲು ಟಿಕೆಟ್. ದಾರಿ ಶುರುವಾಗುವುದು ಹಾಯೆನಾ ಸ್ಟೇಟ್ ಪಾರ್ಕಿನ ಕೆಯೆ ಬೀಚಿನಲ್ಲಿ. ಹವಾಯಿ ನಿವಾಸಿಗಳಲ್ಲದವರಿಗೆ ಮುಂಗಡ ಬುಕಿಂಗ್ ಇಲ್ಲದೆ ಪ್ರವೇಶವಿಲ್ಲ. ತಲೆಗೆ 5 ಡಾಲರ್, ಪಾರ್ಕಿಂಗ್ ಬೇರೆ; ಇಲ್ಲವೇ ಶಟಲ್ ಬಸ್ಸಿನ ಟಿಕೆಟ್ ತೆಗೆದುಕೊಂಡರೆ ಪ್ರವೇಶವೂ ಅದರಲ್ಲೇ ಸೇರಿರುತ್ತದೆ. ಬುಕಿಂಗ್ 30 ದಿನ ಮೊದಲು, ಅಲ್ಲಿಯ ನಡುರಾತ್ರಿ 12ಕ್ಕೆ ತೆರೆಯುತ್ತದೆ. ಹವಾಯಿ ನಮಗಿಂತ ಹದಿನೈದೂವರೆ ಗಂಟೆ ಹಿಂದೆ, ಹಾಗಾಗಿ ನಮ್ಮಲ್ಲಿ ಅದು ಮಧ್ಯಾಹ್ನ 3.30. ಪಾರ್ಕಿಂಗ್ ಬಲುಬೇಗ ಮುಗಿಯುತ್ತದೆ. ನನ್ನ ಮಾತು ಕೇಳುವುದಾದರೆ ಶಟಲ್ಲೇ ವಾಸಿ. ಕೊನೆಯ ಬಸ್ಸಿನ ಸಮಯ ಮಾತ್ರ ಬರೆದಿಟ್ಟುಕೊಳ್ಳಿ.

ಕೆಯೆಯಿಂದ ಹನಕಾಪಿಯಾಯಿ ಬೀಚಿಗೆ 3.2 ಕಿ.ಮೀ. ಅರ್ಧ ಏರು, ಅರ್ಧ ಇಳಿತ. ಅಲ್ಲಿಂದ ಕಣಿವೆಯೊಳಗೆ ಇನ್ನೊಂದು 3.2 ಕಿ.ಮೀ. ಹೋದರೆ ಸುಮಾರು 90 ಮೀಟರ್ ಎತ್ತರದ ಜಲಪಾತ. ಹೋಗಿಬರಲು ಒಟ್ಟು 13 ಕಿ.ಮೀ. ಹತ್ತಿರ, ಆರರಿಂದ ಎಂಟು ಗಂಟೆ. ಇಷ್ಟು ದೂರಕ್ಕೆ ಇಷ್ಟು ಹೊತ್ತು ಜಾಸ್ತಿಯಾಯಿತು ಅನ್ನಿಸಬಹುದು. ತಡಿಯಂಡಮೋಳಿನಲ್ಲಿ ಹತ್ತಿದ ಮೇಲೆ ಇಳಿಯುವುದೊಂದೇ ಬಾಕಿ. ಇಲ್ಲಿ ಬೀಚಿನಿಂದ ವಾಪಸು ಬರುವಾಗ, ದಣಿದ ಕಾಲಿನಲ್ಲಿ, ಮತ್ತೆ ಏರಬೇಕು. ಹನಕಾಪಿಯಾಯಿ ದಾಟಿ ಕರಾವಳಿಗುಂಟ ಮುಂದೆ ಹೋಗಲು ಕ್ಯಾಂಪಿಂಗ್ ಪರವಾನಗಿ ಬೇಕು. ಒಂದು ದಿನದವರಿಗೆ ಅದು ಬೇಡ.

ನೆಲ ನಿಮಗೆ ಪರಿಚಯದ್ದೇ. ಜ್ವಾಲಾಮುಖಿಯ ಬಸಾಲ್ಟ್ ಕಲ್ಲು ಲಕ್ಷಾಂತರ ವರ್ಷದ ಮಳೆಗೆ ಕೊಳೆತು ಕೆಮ್ಮಣ್ಣಾಗಿದೆ. ಒದ್ದೆಯಾದಾಗ ಮಳೆಗಾಲದ ತೋಟದ ರಸ್ತೆಯ ಹಾಗೆ ಜಾರುತ್ತದೆ. ಕೆಸರಿಗಿಂತ ಅಪಾಯ, ಅದರ ನಡುವೆ ತಲೆ ಎತ್ತಿರುವ ನುಣುಪು ಕಲ್ಲುಗಳು: ಸಾವಿರಾರು ಜನ ತುಳಿದು ಹೊಳಪು ಬಂದಿವೆ, ಮೇಲೆ ತೆಳುವಾಗಿ ಕೆಸರು ಮೆತ್ತಿಕೊಂಡಿರುತ್ತದೆ. ಕಲ್ಲಿನ ಮೇಲಲ್ಲ, ಕಲ್ಲುಗಳ ನಡುವಿನ ಮಣ್ಣಿನಲ್ಲಿ ಕಾಲಿಡಿ. ಗಂಬೂಟ್ ಬೇಡ, ಹಲ್ಲು ಆಳವಾಗಿರುವ, ನೀರು ಬೇಗ ಬಸಿಯುವ ಶೂ ಸಾಕು. ಒಂದೊಂದು ಊರುಗೋಲು ಇರಲಿ.

ಈಗ ಹೊಳೆ. ಬೀಚಿಗೆ ಇಳಿಯುವ ಮುಂಚೆ ಹನಕಾಪಿಯಾಯಿ ಹೊಳೆ ದಾಟಬೇಕು, ಸೇತುವೆ ಇಲ್ಲ. ಭಾಗಮಂಡಲದಲ್ಲಿ ನೀರು ಏರಿದರೆ ದಿನಗಟ್ಟಲೆ ನಿಲ್ಲುತ್ತದೆ, ಏರುವ ಮೊದಲು ಸೂಚನೆಯನ್ನೂ ಕೊಡುತ್ತದೆ. ಅಲ್ಲಿಯ ಕಣಿವೆ ಗಿಡ್ಡ, ಕಡಿದಾದದ್ದು. ಬೀಚಿನಲ್ಲಿ ಬಿಸಿಲಿರುವಾಗಲೇ ಮೇಲೆ ಗುಡ್ಡದಲ್ಲಿ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಹೊಳೆಯನ್ನು ಉಕ್ಕಿಸಬಹುದು. ದಡಕ್ಕೆ ಬಂದ ಕೂಡಲೇ, ನೀರು ಮುಟ್ಟುತ್ತಿರುವ ಒಂದು ಕಲ್ಲು ಗುರುತು ಮಾಡಿಕೊಂಡು ಹತ್ತು ನಿಮಿಷ ಕೂತು ನೋಡಿ. ಕಲ್ಲು ಮುಳುಗುತ್ತಾ ಬಂದರೆ, ತಿಳಿನೀರು ಕಂದು ಬಣ್ಣಕ್ಕೆ ತಿರುಗಿದರೆ, ಅಡಿಯಲ್ಲಿ ಬಂಡೆ ಉರುಳುವ ಗುಡುಗುಡು ಕೇಳಿದರೆ ದಾಟಬೇಡಿ. ನೀರು ಮೊಣಕಾಲಿಗಿಂತ ಮೇಲಿದ್ದರೂ ಅಷ್ಟೇ. ದಾಟುವಾಗ ಶೂ ಬಿಚ್ಚಬೇಡಿ, ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿರಿ, ಮುಖ ನೀರು ಬರುವ ಕಡೆಗಿರಲಿ, ಅಡ್ಡಡ್ಡ ಹೆಜ್ಜೆ ಹಾಕಿ. ಯಾರೋ ಕಟ್ಟಿಹೋದ ಹಗ್ಗ ಕಂಡರೆ ನಂಬಬೇಡಿ. ಆಚೆ ದಡದಲ್ಲಿ ಸಿಕ್ಕಿಬಿದ್ದರೆ ಎತ್ತರದ ಜಾಗದಲ್ಲಿ ಕಾಯಿರಿ. ಏರಿದಷ್ಟೇ ಬೇಗ ಇಳಿಯುವ ಹೊಳೆ ಅದು, ಸಾಮಾನ್ಯವಾಗಿ ಕೆಲವು ಗಂಟೆ. ಜಲಪಾತಕ್ಕೆ ಹೋಗುವ ದಾರಿಯಲ್ಲಿ ಇದೇ ಹೊಳೆಯನ್ನು ಮತ್ತೆ ಮತ್ತೆ ದಾಟಬೇಕು, ಹಾಗಾಗಿ ಮೋಡ ಕವಿದಿದ್ದರೆ ಬೀಚಿನಿಂದಲೇ ಹಿಂತಿರುಗಿ. ಜಲಪಾತದ ಬುಡದಲ್ಲಿ ನಿಲ್ಲಬೇಡಿ, ಮೇಲಿಂದ ಕಲ್ಲು ಬೀಳುತ್ತದೆ.

ಬೀಚಿನಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ, ಮೊಣಕಾಲಷ್ಟು ನೀರಿಗೂ ಬೇಡ. ಅಲೆ ತಡೆಯಲು ಹವಳದ ದಿಬ್ಬ ಅಲ್ಲಿಲ್ಲ, ಒಳಗೆ ಎಳೆಯುವ ಸೆಳೆತ ಜೋರು, ಅನೇಕರು ಅಲ್ಲೇ ಮುಳುಗಿ ಸತ್ತಿದ್ದಾರೆ. ನೀವು ಹೋಗುವ ಜನವರಿಯಲ್ಲಿ ಉತ್ತರದ ದೊಡ್ಡ ಅಲೆಗಳು ಮರಳನ್ನೆಲ್ಲ ಕೊಚ್ಚಿ ಒಯ್ದು ಬರೀ ಗುಂಡುಕಲ್ಲು ಉಳಿಸಿರುತ್ತವೆ.

ತಲೆಗೆ ಮೂರು ಲೀಟರ್ ನೀರು, ಹಗುರ ಮಳೆಯಂಗಿ, ಹೆಡ್‌ಲ್ಯಾಂಪ್, ಒಣಗಿದ ಸಾಕ್ಸ್, ಬುತ್ತಿ. ಮೊಬೈಲ್ ಸಿಗ್ನಲ್ ಲೆಕ್ಕಕ್ಕಿಡಬೇಡಿ. ಜನವರಿಯಲ್ಲಿ ಕತ್ತಲಾಗುವುದು ಆರೂವರೆಯ ಸುಮಾರಿಗೆ. ಬೆಳಿಗ್ಗೆ ಎಂಟಕ್ಕೆ ಹೊರಟು, ಮಧ್ಯಾಹ್ನ ಒಂದರೊಳಗೆ ಜಲಪಾತ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ.

ನೀವು ಕಾಫಿ ತೋಟದವರಾದ್ದರಿಂದ ಇದು ವಿಶೇಷವಾಗಿ ನಿಮಗೆ. ತೋಟದಲ್ಲಿ ಹಾಕಿದ ಶೂ ಒಯ್ಯಬೇಡಿ, ಹೊಸದು ಕೊಳ್ಳಿ ಅಥವಾ ಅಡಿಯ ಮಣ್ಣು ಒಂದು ಚೂರೂ ಉಳಿಯದಂತೆ ತೊಳೆಯಿರಿ. ತೋಟಕ್ಕೆ ಹೋಗಿದ್ದೀರಾ ಎಂದು ಅಮೆರಿಕದ ಕಸ್ಟಮ್ಸ್‌ನವರು ಕೇಳುತ್ತಾರೆ, ಹೌದೆಂದೇ ಹೇಳಿ. ಪಂದಿಕರಿ, ಮಾಂಸದ ಉಪ್ಪಿನಕಾಯಿ, ಕಾಫಿ ಬೀಜ, ಹಣ್ಣು ಯಾವುದೂ ಬೇಡ. ಅಮೆರಿಕದ ಅತಿದೊಡ್ಡ ಕಾಫಿ ತೋಟ ಇರುವುದು ಇದೇ ದ್ವೀಪದಲ್ಲಿ. ನಾವು ತಲೆಮಾರುಗಳಿಂದ ಸೆಣಸುತ್ತಿರುವ ಎಲೆತುಕ್ಕು ರೋಗ ಹವಾಯಿಗೆ ಕಾಲಿಟ್ಟಿದ್ದು 2020ರಲ್ಲಷ್ಟೇ. ಅಲ್ಲಿಯ ಓಹಿಯಾ ಮರಗಳನ್ನು ಒಣಗಿಸಿ ಕೊಲ್ಲುವ ಶಿಲೀಂಧ್ರವೂ ಕೆಸರಿನಲ್ಲೇ ಸಾಗುವುದರಿಂದ, ನಡೆಯುವ ಮುಂಚೆಯೂ ಆಮೇಲೂ ಶೂ ಅಡಿಯನ್ನು ಚೆನ್ನಾಗಿ ಉಜ್ಜಿಕೊಳ್ಳಿ.

ಹೊಳೆಯ ನೀರು ಕುಡಿಯಬೇಡಿ. ಗದ್ದೆ ಕೆಲಸದವರಿಗೆ ಬರುವ ಇಲಿಜ್ವರ ಅಲ್ಲಿಯೂ ಇದೆ, ಕಾಲಿನ ಗಾಯದಿಂದಲೂ ಒಳಹೊಗುತ್ತದೆ. ಗೀರುಗಳಿಗೆ ನೀರು ತಾಗದ ಪಟ್ಟಿ ಅಂಟಿಸಿಯೇ ಹೊರಡಿ. ವಾಪಸು ಬಂದ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು ಬಂದರೆ ಹೊಳೆ ದಾಟಿದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.