ಟ್ಯಾಪೆಟ್ ಸದ್ದು: ಹೆಡ್ ಬಿಚ್ಚಿಸುವ ಮೊದಲು

ಪ್ರಶ್ನೆ: ನನ್ನದು 2013ರ ಸ್ವಿಫ್ಟ್ ಡೀಸೆಲ್, 1.4 ಲಕ್ಷ ಕಿ.ಮೀ. ಓಡಿದೆ. ಎಂಜಿನ್ ಮೇಲ್ಭಾಗದಲ್ಲಿ ‘ಟಿಕ್ ಟಿಕ್’ ಸದ್ದು. ಮೊದಲು ಬೆಳಿಗ್ಗೆ ಮಾತ್ರ ಇತ್ತು, ಈಗ ಬಿಸಿಯಾದರೂ ನಿಲ್ಲುತ್ತಿಲ್ಲ. ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂದು 20ಡಬ್ಲ್ಯು-50 ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಟ್ಯಾಪೆಟ್ ಸೆಟ್ ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಬದಲಿಸಲೇ?
– ಓದುಗರು, ಹಾಸನ

ಉತ್ತರ: ಈಗಲೇ ಬೇಡ. ನಿಮ್ಮದು 1,248 ಸಿಸಿಯ ಮಲ್ಟಿಜೆಟ್ ಎಂಜಿನ್. ಅದರ 16 ವಾಲ್ವ್‌ಗಳಿಗೂ ಒಂದೊಂದು ಹೈಡ್ರಾಲಿಕ್ ಟ್ಯಾಪೆಟ್ ಇದೆ. ವಾಲ್ವ್ ಮತ್ತು ಅದನ್ನು ತೆರೆಯುವ ಕ್ಯಾಮ್ ದಂಡದ ನಡುವೆ ಸಂದು ಉಳಿಯದಂತೆ ಆಯಿಲ್ ಒತ್ತಡದಿಂದ ನೋಡಿಕೊಳ್ಳುವ ಪುಟ್ಟ ಭಾಗ ಇದು. ಒಳಗಿನ ಪ್ಲಂಜರ್ ಅಡಿಯಲ್ಲಿ ಆಯಿಲ್ ತುಂಬಿಕೊಳ್ಳುತ್ತದೆ, ಪುಟ್ಟ ಚೆಕ್ ಬಾಲ್ ಅದನ್ನು ವಾಪಸ್ ಹೋಗಲು ಬಿಡುವುದಿಲ್ಲ. ಆಯಿಲ್ ಸಾಲದಿದ್ದರೆ, ಅದರಲ್ಲಿ ಗಾಳಿಗುಳ್ಳೆ ಸೇರಿದರೆ, ಇಲ್ಲವೇ ಚೆಕ್ ಬಾಲ್ ಕೆಳಗೆ ಕೊಳೆ ಕುಳಿತರೆ ಸಂದು ಬಿಟ್ಟು ಸದ್ದು ಬರುತ್ತದೆ. ರಾತ್ರಿಯಿಡೀ ನಿಂತ ಕಾರು ಮೊದಲ ಕೆಲವು ಸೆಕೆಂಡು ಟಿಕ್‌ಗುಟ್ಟಿದರೆ ಚಿಂತೆಯಿಲ್ಲ.

ದಪ್ಪ ಆಯಿಲ್ ಇಲ್ಲಿ ಮದ್ದಲ್ಲ. ತಣ್ಣಗಿರುವಾಗ ಅದು ಟ್ಯಾಪೆಟ್‌ನ ಸಣ್ಣ ರಂಧ್ರ ತಲುಪಲು ತಡವಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟಿದ್ದರೂ ತಪ್ಪೇ: ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ತುಂಬಿದ ಟ್ಯಾಪೆಟ್ ಮೆತ್ತಗಾಗುತ್ತದೆ.

ಸದ್ದು ಟ್ಯಾಪೆಟ್‌ನದೇ ಎಂದು ಖಚಿತವಾಗಬೇಕು. ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಹೀಗಾಗಿ 850 ಆರ್‌ಪಿಎಂ ಐಡಲ್‌ನಲ್ಲಿ ಒಂದು ಟ್ಯಾಪೆಟ್ ಸೆಕೆಂಡಿಗೆ ಸುಮಾರು 7 ಸಲ ಬಡಿಯುತ್ತದೆ. ಮೆಕ್ಯಾನಿಕ್ ಸ್ಟೆತಸ್ಕೋಪ್ ಇಟ್ಟು ಹೆಡ್ ಉದ್ದಕ್ಕೂ ಕೇಳಿ. ಲೋಡ್ ಬಿದ್ದಾಗ ಕೆಳಗಿನಿಂದ ಬರುವ ಭಾರವಾದ ಬಡಿತವಾದರೆ ಅದು ಬೇರಿಂಗ್, ಕಾರು ಓಡಿಸಲೇಬೇಡಿ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಸಿ ಕಂಡು ‘ಚುಫ್ ಚುಫ್’ ಎಂದರೆ ತಾಮ್ರದ ವಾಷರ್ ಸೋರುತ್ತಿದೆ. ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಸಡಿಲವಾದ ಸದ್ದು ಟೈಮಿಂಗ್ ಕವರ್ ಕಡೆಯಿಂದ, ಗಲಗಲ ಎಂದು ಬರುತ್ತದೆ.

ಮುಂದಿನದು ಆಯಿಲ್ ಪ್ರೆಶರ್, ಇದನ್ನು ಬಿಡಲೇಬೇಡಿ. ಪ್ರೆಶರ್ ಸ್ವಿಚ್ ತೆಗೆದು ಗೇಜ್ ಕೂರಿಸಿ ಅಳೆಯಿರಿ. ಎಂಜಿನ್ ಬಿಸಿಯಿದ್ದಾಗ ಐಡಲ್‌ನಲ್ಲಿ 1 ಬಾರ್‌ಗಿಂತ ಕೆಳಗಿದ್ದರೆ ತೊಂದರೆ ಆಯಿಲ್ ಪಂಪ್, ಸ್ಟ್ರೈನರ್ (ಪಂಪ್‌ಗೆ ಹೋಗುವ ಆಯಿಲ್ ಸೋಸುವ ಜಾಲರಿ) ಅಥವಾ ಬೇರಿಂಗ್‌ನಲ್ಲಿದೆ; ಹೊಸ ಟ್ಯಾಪೆಟ್ ಹಾಕಿದರೂ ಸದ್ದು ಮರಳುತ್ತದೆ.

ಪ್ರೆಶರ್ ಸರಿಯಿದ್ದರೆ ಮ್ಯಾನ್ಯುಯಲ್ ಹೇಳಿದ ಗ್ರೇಡಿನ 5ಡಬ್ಲ್ಯು-30 ಆಯಿಲ್ (ಸುಮಾರು 3 ಲೀಟರ್) ಮತ್ತು ಒಳ್ಳೆಯ ಫಿಲ್ಟರ್ ಹಾಕಿಸಿ. 1,500 ಕಿ.ಮೀ. ಓಡಿಸಿ ಎರಡನ್ನೂ ಮತ್ತೆ ಬದಲಿಸಿ. ಡಿಟರ್ಜೆಂಟ್ ಇರುವ ಆಯಿಲ್ ಕೊಳೆಯನ್ನು ನಿಧಾನವಾಗಿ ಕರಗಿಸುತ್ತದೆ. ಕಡು ಫ್ಲಶ್ (ರಾಸಾಯನಿಕ ಹಾಕಿ ಎಂಜಿನ್ ಒಳಗೆ ತೊಳೆಯುವುದು) ಮಾಡಿಸಬೇಡಿ. ಗಟ್ಟಿ ಕೊಳೆ ಒಮ್ಮೆಗೇ ಕಿತ್ತುಬಂದು ಸ್ಟ್ರೈನರ್ ಕಟ್ಟುತ್ತದೆ.

ಆಗಲೂ ನಿಲ್ಲದಿದ್ದರೆ ಬದಲಿಸಬಹುದು, 16 ಒಟ್ಟಿಗೇ. ಚೈನ್ ಬಿಡಿಸುವ ಕೆಲಸವಾದ್ದರಿಂದ ಕ್ಯಾಮ್ ಲಾಕ್ ಟೂಲ್ ಇರುವ ಗ್ಯಾರೇಜೇ ಬೇಕು. ರಾಕರ್‌ಗಳನ್ನು (ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ತೋಳುಗಳು) ಬಿಚ್ಚಿದ ಕ್ರಮದಲ್ಲೇ ಜೋಡಿಸಲಿ, ರೋಲರ್ ಸವೆದಿದೆಯೇ ನೋಡಲಿ. ಜೋಡಿಸಿದ ಮೇಲೆ ಅರ್ಧ ಗಂಟೆ ಬಿಟ್ಟು, ಸ್ಪ್ಯಾನರ್‌ನಿಂದ ಕ್ರ್ಯಾಂಕ್ ಅನ್ನು ಎರಡು ಸುತ್ತು ತಿರುಗಿಸಿದ ನಂತರವಷ್ಟೇ ಸ್ಟಾರ್ಟ್ ಮಾಡಲಿ. ಆಯಿಲ್ ತುಂಬಿ ಉಬ್ಬಿದ ಟ್ಯಾಪೆಟ್ ವಾಲ್ವನ್ನು ತೆರೆದೇ ಹಿಡಿದಿದ್ದರೆ ಪಿಸ್ಟನ್ ತಾಗಿ ವಾಲ್ವ್ ಬಾಗುತ್ತದೆ.

ಪ್ರಶ್ನೆ: ಹಳೆಯ ಮಾರುತಿ 800ಕ್ಕೂ ಟ್ಯಾಪೆಟ್ ಸದ್ದು ನಿಲ್ಲಿಸುವ ಅಡಿಟಿವ್ ಹಾಕಬಹುದೇ?
– ಓದುಗರು, ಶಿರಸಿ

ಉತ್ತರ: ದುಡ್ಡು ದಂಡ. ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ರಾಕರ್ ತುದಿಯಲ್ಲಿ ಸ್ಕ್ರೂ ಮತ್ತು ಲಾಕ್ ನಟ್ ಇದೆ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಿಡಿದು ವಾಲ್ವ್ ಸಂದನ್ನು ಮ್ಯಾನ್ಯುಯಲ್‌ನ ಅಳತೆಗೆ ಸೆಟ್ ಮಾಡಿಸಿ. ಸದ್ದೇ ಬರಬಾರದೆಂದು ಬಿಗಿ ಮಾಡಿಸಬೇಡಿ. ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಟ್ಟುಹೋಗುತ್ತದೆ.